ನೆರೆಯವರನ್ನು ಹೊಗಳಿದ ಪುಸ್ತಕ

ಫ್ರಾನ್ಸ್, ಜರ್ಮನಿ ಎಂದೊಡನೆ ನಮಗೆ ನೆನಪಾಗುವುದು ಎರಡು ಮಹಾಯುದ್ಧಗಳು. ನನಗೆ ಮಾತ್ರ ಮದಾಮ್ ದ ಸ್ತಾಲ್ ಎಂಬ ಫ್ರೆಂಚ್ ಲೇಖಕಿ ನೆನಪಾಗುತ್ತಾಳೆ.

ಲೂಯಿ 16ನೆಯವನ ಹಣಕಾಸು ಮಂತ್ರಿ ನೆಕ್ಕರ್‌ನ ಮಗಳೀಕೆ. 1803ರಲ್ಲಿ ನೆಪೋಲಿಯನ್ ಆಕೆಯನ್ನು ಪ್ಯಾರಿಸ್ಸಿನಿಂದ ದೂರವಿಟ್ಟ. ಆಕೆ ಜರ್ಮನಿಗೆ ಹೊರಟಳು. ವೈಮಾರ್‌ನಲ್ಲಿ ಗಯಟೆ, ಷಿಲ್ಲರ್ ಇಬ್ಬರನ್ನೂ ಕಂಡಳು. ಆಗಿನ ಜರ್ಮನಿ ಒಂದು ದೇಶವೇ ಅಲ್ಲ, ಬಿಡಿಬಿಡಿ ಸಂಸ್ಥಾನಗಳ ಕಂತೆ. ಅವರಲ್ಲಿ ರಾಜಕೀಯ ಒಗ್ಗಟ್ಟಿಲ್ಲ, ಆದರೆ ಚಿಂತನೆಯಲ್ಲಿ, ಕಾವ್ಯದಲ್ಲಿ ಅವರಿಂದ ನಾವು ಕಲಿಯುವುದಿದೆ ಎಂದು ಆಕೆ ಬರೆದಳು. 1810ರಲ್ಲಿ ಅಚ್ಚಾದ ಆ ಪುಸ್ತಕದ ಪ್ರತಿಗಳನ್ನು ನೆಪೋಲಿಯನ್ನನ ಪೊಲೀಸರು ನಾಶಮಾಡಿದರು. ಇದು ಫ್ರೆಂಚ್ ಪುಸ್ತಕವೇ ಅಲ್ಲ ಎಂದು ಪೊಲೀಸ್ ಮಂತ್ರಿಯ ತೀರ್ಪು! ಚಕ್ರವರ್ತಿಯ ಗುಣಗಾನ ಅದರಲ್ಲಿ ಇಲ್ಲದಿದ್ದುದೂ ಚುಚ್ಚಿರಬೇಕು ಎಂದು ನನ್ನ ಊಹೆ. ಕೊನೆಗೆ 1813ರಲ್ಲಿ ಲಂಡನ್ನಿನಲ್ಲಿ ಅದು ಹೊರಬಂತು.

ಜರ್ಮನ್ನರೆಂದರೆ ಕನಸುಗಾರರು, ನಿರುಪದ್ರವಿಗಳು ಎಂಬ ಭಾವನೆ ಫ್ರೆಂಚರಲ್ಲಿ ಬೇರೂರಿತು. 1831ರಲ್ಲಿ ಪ್ಯಾರಿಸ್ಸಿಗೆ ಬಂದು ನೆಲೆಸಿದ ಜರ್ಮನ್ ಕವಿ ಹೈನೆ, ಅಷ್ಟು ನಂಬಬೇಡಿ ಎಂದು ಎಚ್ಚರಿಸಿದ. ಯಾರು ಕೇಳಿದರು? 1871ರ ಜನವರಿಯಲ್ಲಿ ಫ್ರೆಂಚರ ವರ್ಸೇಲ್ಸ್ ಅರಮನೆಯಲ್ಲೇ ಜರ್ಮನ್ ಸಾಮ್ರಾಜ್ಯದ ಘೋಷಣೆಯಾಯಿತು. ಗೆದ್ದದ್ದು ಪ್ರಷ್ಯದ ಶಾಲಾಮೇಷ್ಟ್ರು ಎಂಬ ಮಾತು ಫ್ರಾನ್ಸಿನಲ್ಲಿ ಹಬ್ಬಿತು. 1882ರಲ್ಲಿ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಶಿಕ್ಷಣ ಕಡ್ಡಾಯವಾದುದರ ಹಿಂದೆ ಆ ಸೋಲಿನ ನೋವೂ ಇತ್ತು.

ಇಷ್ಟಾದರೂ ಒಂದು ಮಾತು ನನ್ನನ್ನು ಕಾಡುತ್ತದೆ. ಅಪ್ಪಣೆಗೆ ತಲೆಬಾಗುವ ಜನ ಎಂದು ಫ್ರೆಂಚರು ಹಂಗಿಸುತ್ತಿದ್ದ ಜರ್ಮನಿಯಲ್ಲಿ ಹೆಂಗಸರು 1919ರಲ್ಲೇ ಮತ ಹಾಕಿದರು. ಕ್ರಾಂತಿಯ ತವರಾದ ಫ್ರಾನ್ಸಿನ ಹೆಂಗಸರು 1945ರವರೆಗೆ ಕಾಯಬೇಕಾಯಿತು.