ಕಸಬರಿಕೆಯ ಪಟ್ಟಿಯಲ್ಲಿ ಮೊದಲ ಹೆಸರು

ಸನ್ಯಾಸಿಗಳೆಂದರೆ ಧ್ಯಾನ, ಜಪ, ಉಪದೇಶ ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ ಇಟಲಿಯ ಮೊಂತೆ ಕಸಿನೊ ಬೆಟ್ಟದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕಾಗಿ ಬರೆದಿಟ್ಟ ನಿಯಮಾವಳಿಯನ್ನು ಓದಿದರೆ, ಅದರಲ್ಲಿ ಪ್ರಾರ್ಥನೆಯ ಜೊತೆಜೊತೆಗೇ ಹಾರೆ, ಅಡುಗೆಮನೆ, ಕೈತೋಟಗಳ ಮಾತು ಬರುತ್ತದೆ. ಆ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ನಲವತ್ತೆಂಟನೆಯದು ಪೂರ್ತಿಯಾಗಿ ದಿನದ ದುಡಿಮೆಗೆ ಮೀಸಲು. ಸೋಮಾರಿತನ ಆತ್ಮಕ್ಕೆ ಶತ್ರು. ಆದ್ದರಿಂದ ಇಂತಿಷ್ಟು ಹೊತ್ತು ಕೈಕೆಲಸ, ಇಂತಿಷ್ಟು ಹೊತ್ತು ಓದು ಎಂಬುದು ಅಲ್ಲಿನ ವಿಧಿ. ಬೇಸಗೆಯಲ್ಲಿ ಮುಂಜಾನೆ ಕೆಲಸ, ಬಿಸಿಲೇರುವಾಗ ಓದು, ಊಟ, ಸ್ವಲ್ಪ ವಿಶ್ರಾಂತಿ, ಮತ್ತೆ ಸಂಜೆಯ ಪ್ರಾರ್ಥನೆಯವರೆಗೆ ಕೆಲಸ. ಅಶಕ್ತರಿಗೆ ಅವರ ತ್ರಾಣಕ್ಕೆ ತಕ್ಕ ಕೆಲಸ. ಹೊಲ ದೂರವಿದ್ದರೆ ಕೆಲಸ ಬಿಟ್ಟು ಓಡಿ ಬರಬೇಕಾಗಿಲ್ಲ, ಇದ್ದಲ್ಲೇ ಮೊಣಕಾಲೂರಿ ಪ್ರಾರ್ಥಿಸಿದರಾಯಿತು.

ಮಠ ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂಬುದೂ ನಿಯಮವೇ. ನೀರು, ಹಿಟ್ಟು ಬೀಸುವ ಗಿರಣಿ, ತೋಟ, ಕಸುಬುಗಳು ಎಲ್ಲವೂ ಸಾಧ್ಯವಾದಷ್ಟು ಮಠದ ಆವರಣದೊಳಗೇ ಇರಬೇಕು. ತಯಾರಿಸಿದ ವಸ್ತುವನ್ನು ಮಾರುವಾಗ ಹೊರಗಿನ ಬೆಲೆಗಿಂತ ತುಸು ಕಡಿಮೆಗೇ ಕೊಡಬೇಕು. ನನಗೆ ಬಹಳ ಹಿಡಿಸಿದ್ದು ಹತ್ಯಾರುಗಳ ವಿಚಾರ. ಉಗ್ರಾಣ ನೋಡಿಕೊಳ್ಳುವವನು ಮಠದ ಪ್ರತಿಯೊಂದು ಪಾತ್ರೆಯನ್ನೂ ಹತ್ಯಾರನ್ನೂ ಪೂಜಾಪೀಠದ ಪವಿತ್ರ ಪಾತ್ರೆಯಂತೆಯೇ ಕಾಣಬೇಕು. ಅಡುಗೆಯ ಸರದಿ ವಾರಕ್ಕೊಬ್ಬರಂತೆ ಬದಲಾಗುತ್ತದೆ. ಸರದಿ ಮುಗಿಸಿದವನು ಶನಿವಾರ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಶುಚಿಮಾಡಿ ಒಪ್ಪಿಸಬೇಕು. ಅವನೂ ಹೊಸಬನೂ ಸೇರಿ ಎಲ್ಲರ ಪಾದ ತೊಳೆಯಬೇಕು.

ನಮ್ಮ ಕನ್ಯಾನದ ಕಡೆಯ ಹಳೆಯ ಅಡಿಕೆ ತೋಟದ ಮನೆಗಳನ್ನು ಬಲ್ಲವರಿಗೆ ಇದರಲ್ಲಿ ಪರಿಚಿತವೆನಿಸುವ ಅಂಶಗಳು ಸಿಗುತ್ತವೆ. ಗುಡ್ಡ ಕೊರೆದ ಸುರಂಗದಿಂದ ನೀರು, ಹಟ್ಟಿಯಿಂದ ಹಾಲು ಗೊಬ್ಬರ, ಹಾಳೆಯಿಂದ ಮುಟ್ಟಾಳೆ, ಸೋಗೆಯಿಂದ ಮಾಡು. ಉಪ್ಪು, ಸೀಮೆಎಣ್ಣೆ, ಬಟ್ಟೆಗಷ್ಟೇ ಪೇಟೆಯ ದಾರಿ ಹಿಡಿಯುವುದು. ಆದರೆ ಒಂದು ವ್ಯತ್ಯಾಸವಿತ್ತು. ನಮ್ಮಲ್ಲಿ ಅಡುಗೆಯ ಸರದಿ ಬದಲಾಗುತ್ತಿರಲಿಲ್ಲ. ಯಾರು ಮರ ಹತ್ತಬೇಕು, ಯಾರು ಸೆಗಣಿ ಬಾಚಬೇಕು, ಯಾರು ಚಾವಡಿಯಲ್ಲಿ ಕುಳಿತು ಲೆಕ್ಕ ಬರೆಯಬೇಕು ಎಂಬುದು ಹುಟ್ಟುವಾಗಲೇ ತೀರ್ಮಾನವಾಗಿರುತ್ತಿತ್ತು. ಸ್ವಾವಲಂಬನೆ ಮನೆಗೆ ಇತ್ತೇ ಹೊರತು, ಅದನ್ನು ಹೊತ್ತ ಕೈಗಳಿಗೆ ಇರಲಿಲ್ಲ.

ಹಾಗೆಂದು ಕ್ರೈಸ್ತ ಮಠಗಳನ್ನು ಹೊಗಳಿ ಮುಗಿಸುವಂತಿಲ್ಲ. ಬೆನೆಡಿಕ್ಟನ ನಿಯಮ ಸಡಿಲವಾಯಿತೆಂದು ಕೆಲವರು 1098ರಲ್ಲಿ ಫ್ರಾನ್ಸಿನ ಸಿತೋ ಎಂಬಲ್ಲಿ ಹೊಸ ಮಠ ಕಟ್ಟಿದರು. ಇವರೇ ಸಿಸ್ಟರ್ಸಿಯನ್ನರು. ಕಾಡು ಕಡಿದು, ಜೌಗು ಒಣಗಿಸಿ, ಹೊಳೆಯ ನೀರಿನಿಂದ ಗಿರಣಿ ತಿರುಗಿಸಿದ ಸಾಹಸಿಗಳು. ಆದರೆ ಜಮೀನು ಬೆಳೆದಂತೆ ಪ್ರಾರ್ಥನೆಯ ವೇಳೆಗೂ ಕೆಲಸದ ವೇಳೆಗೂ ಹೊಂದಿಕೆಯಾಗದೆ, ‘ಕೆಲಸದ ಸಹೋದರರು’ ಎಂಬ ಬೇರೆಯೇ ಒಂದು ವರ್ಗವನ್ನು ಮಾಡಿದರು. ದೂರದ ಹೊಲ, ಹಟ್ಟಿ, ಕಮ್ಮಟಗಳ ಭಾರವೆಲ್ಲ ಹೆಚ್ಚಾಗಿ ಅವರ ಮೇಲೆ. ಅವರಿಗೆ ಊಟದ ಕೋಣೆ ಬೇರೆ, ಮಲಗುವ ಜಾಗ ಬೇರೆ. ಮಠಾಧಿಪತಿಯನ್ನು ಆರಿಸುವ ಹಕ್ಕಿಲ್ಲ. ಕೆಲವು ಪ್ರಾರ್ಥನೆಗಳನ್ನು ಬಾಯಿಪಾಠ ಕಲಿತರೆ ಸಾಕು, ಪುಸ್ತಕ ಮುಟ್ಟುವಂತಿಲ್ಲ. ಕೆಲಸ ಮತ್ತು ಓದು ಒಬ್ಬನದೇ ದಿನದ ಎರಡು ಭಾಗಗಳಾಗಿದ್ದವು. ಈಗ ಅವು ಎರಡು ಬಗೆಯ ಮನುಷ್ಯರಾಗಿಬಿಟ್ಟವು. ಈ ಭೇದವನ್ನು ತೊಡೆಯಬೇಕೆಂದು ಕ್ಯಾಥೊಲಿಕ್ ಸಭೆ ಸ್ಪಷ್ಟವಾಗಿ ಹೇಳಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲದಲ್ಲಿ, 1965ರಲ್ಲಿ.

ಅಲ್ಲಿ ಹೀಗಾಗುತ್ತಿದ್ದ ಹನ್ನೆರಡನೆಯ ಶತಮಾನದಲ್ಲೇ ಇಲ್ಲಿ ಕಲ್ಯಾಣದಲ್ಲಿ ಬಸವಣ್ಣನವರೂ ಸಂಗಡಿಗರೂ ಕಾಯಕದ ಮಾತನ್ನಾಡುತ್ತಿದ್ದರು. ಅಂಬಿಗ, ಮಾದಾರ, ಮಡಿವಾಳ ಎಲ್ಲರೂ ತಂತಮ್ಮ ಕೆಲಸದ ಹೆಸರಿನಲ್ಲೇ ಶರಣರಾದರು. ಚೆಲ್ಲಿದ ಅಕ್ಕಿ ಆಯ್ದು ತರುವ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ತಂದಾಗ ಹಿಂದಕ್ಕೆ ಕಳಿಸಿದ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತಿರುವುದೇ. ಕೈಕೆಲಸ ಮಾಡಿದವರು ಅಲ್ಲಿ ವಚನವನ್ನೂ ರಚಿಸಿದರು. ಆ ಸಮಾನತೆಯೂ ಮುಂದೆ ಬಹುಕಾಲ ಉಳಿಯಲಿಲ್ಲ. ಭಾಷೆ ಬೇರೆ, ದೇವರು ಬೇರೆಯಾದರೂ ಜಾರಿದ ಜಾಗ ಒಂದೇ.

ಹೆಂಗಸರ ಮಠಗಳ ಕಥೆಯೂ ಇದೆ. ಸ್ಪೇನಿನ ಅವಿಲಾದಲ್ಲಿ 1562ರಲ್ಲಿ ತೆರೇಸಾ ಕಾರ್ಮೆಲ್ ಸಭೆಯನ್ನು ಸುಧಾರಿಸಿ ಸಣ್ಣದೊಂದು ಮಠ ಆರಂಭಿಸಿದಳು. ಸಹೋದರಿಯರು ನೂಲುವುದೇ ಮೊದಲಾದ ಸರಳ ಕೆಲಸದಿಂದ ಜೀವಿಸಬೇಕು, ಮನಸ್ಸನ್ನು ದೇವರಿಂದ ಸೆಳೆಯುವಂಥ ನಾಜೂಕು ಕಸೂತಿ ಬೇಡ ಎಂದಳು. ಅಡುಗೆಮನೆಯ ಪಾತ್ರೆಗಳ ನಡುವೆಯೂ ದೇವರು ಓಡಾಡುತ್ತಾನೆ ಎಂಬುದು ಅವಳ ನಂಬಿಕೆ. ಇದಕ್ಕಿಂತ ದೊಡ್ಡ ಮಾತೊಂದು ಅವಳ ಕಟ್ಟಳೆಯಲ್ಲಿದೆ: ಗುಡಿಸುವ ಸರದಿಯ ಪಟ್ಟಿ ಮಠದ ಮುಖ್ಯಸ್ಥೆಯ ಹೆಸರಿನಿಂದಲೇ ಆರಂಭವಾಗಬೇಕು. ಈ ಪರಂಪರೆಯ ಸನ್ಯಾಸಿನಿಯರು 1870ರಲ್ಲಿ ಸಮುದ್ರ ದಾಟಿ ನಮ್ಮ ಮಂಗಳೂರಿಗೂ ಬಂದರು.

ಬೆನೆಡಿಕ್ಟನ ದಾರಿಯೂ ಕರ್ನಾಟಕಕ್ಕೆ ಬಂದಿದೆ. ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ 1955ರಲ್ಲಿ ಭಾರತಕ್ಕೆ ಬಂದು ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ. 1958ರಲ್ಲಿ ಅವರು ಬೆಲ್ಜಿಯಮಿನ ಫ್ರಾನ್ಸಿಸ್ ಮಾಹ್ಯೂ ಅವರೊಡನೆ ಸೇರಿ ಕೇರಳದ ವಾಗಮಣ್ ಬಳಿಯ ಗುಡ್ಡದಲ್ಲಿ ಕುರಿಶುಮಲ ಆಶ್ರಮ ಆರಂಭಿಸಿದರು. ಕಾವಿ ಉಟ್ಟು, ನೆಲದಲ್ಲಿ ಕುಳಿತು ಉಂಡು, ಹುಲ್ಲುಗಾವಲು ಬೆಳೆಸಿ, ಜೆರ್ಸಿ ಹಸು ಸಾಕಿ ಹಾಲಿನಿಂದ ಬದುಕಿದರು. ಆಶ್ರಮದ ಹಸುಗಳಿಂದ ಸುತ್ತಲಿನ ರೈತರ ಹಟ್ಟಿಗಳಿಗೂ ಲಾಭವಾಯಿತು. ಅದೇ ಆಶ್ರಮ 1998ರಲ್ಲಿ ಸಿಸ್ಟರ್ಸಿಯನ್ ಸಂಘವನ್ನು ಸೇರಿತು.

ಇದನ್ನೆಲ್ಲ ನಾನು ಬರೆಯಲು ಕಾರಣ ಶಾಲೆ. ನಮ್ಮ ಊರ ಕಡೆಯ ಮಕ್ಕಳಲ್ಲಿ ಹೆಚ್ಚಿನವರು ಅಡಿಕೆ ಸುಲಿಯುವ, ಬೀಡಿ ಕಟ್ಟುವ, ಮಣ್ಣು ಹೊರುವ ಕೈಗಳು ಸಾಕಿದ ಮಕ್ಕಳು. ಶಾಲೆಗಳಲ್ಲಿ ನಾವು ಅವರಿಗೆ ‘ಓದದಿದ್ದರೆ ತೋಟದ ಕೆಲಸಕ್ಕೆ ಹೋಗು’ ಎಂದು ಗದರುವುದುಂಟು. ತಡವಾಗಿ ಬಂದವನಿಗೆ ಅಂಗಳ ಗುಡಿಸುವ ಶಿಕ್ಷೆ ಕೊಡುವುದುಂಟು. ಶಿಕ್ಷೆ ಇಲ್ಲದ ದಿನ ಕಸಬರಿಕೆ ತಾನಾಗಿಯೇ ಹೆಣ್ಣುಮಕ್ಕಳ ಕೈ ಸೇರುತ್ತದೆ. ತನ್ನ ಅಪ್ಪ ಅಮ್ಮ ದಿನವಿಡೀ ಮಾಡುವ ಕೆಲಸವೇ ಶಾಲೆಯಲ್ಲಿ ತಪ್ಪಿಗೆ ದಂಡವಾದಾಗ ಆ ಮಗು ಮನೆಗೆ ಯಾವ ಮುಖ ಹೊತ್ತು ಹೋಗಬೇಕು? ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದೆಂಬ ತಂದೆ ತಾಯಿಯರ ಆಕ್ಷೇಪದಲ್ಲಿ ನ್ಯಾಯವಿದೆ. ಕೆಲವೇ ಮಕ್ಕಳಿಗೆ ಹಚ್ಚಿದಾಗಂತೂ ಪೂರ್ತಿ ನ್ಯಾಯವಿದೆ. ಎಲ್ಲರ ಹೆಸರೂ ಇರುವ, ದೊಡ್ಡವರ ಹೆಸರಿನಿಂದ ಶುರುವಾಗುವ ಪಟ್ಟಿಗೆ ಆ ಆಕ್ಷೇಪ ತಾಗದು.

ನನ್ನ ತರಗತಿಯ ಬಾಗಿಲ ಹಿಂದೆ ಅಂಥದೊಂದು ಪಟ್ಟಿ ಅಂಟಿಸಿದ್ದೇನೆ. ಸೋಮವಾರ ‘ಟೀಚರ್’ ಎಂದಿದೆ. ಮಂಗಳವಾರದಿಂದ ಹಾಜರಿ ಪುಸ್ತಕದ ಕ್ರಮದಲ್ಲಿ, ಹುಡುಗರು ಹುಡುಗಿಯರೆನ್ನದೆ ಇಬ್ಬಿಬ್ಬರು. ಮೊದಲ ವಾರ ನಕ್ಕ ಮಕ್ಕಳು ಈಗ ನನ್ನ ಸರದಿಯ ದಿನ ಮೂಲೆಯಲ್ಲಿ ಕಸ ಉಳಿದಿದ್ದರೆ ತೋರಿಸಿಕೊಡುತ್ತಾರೆ.