ತಕ್ಕಡಿಗೆ ಕಾಣದ ಕೊಬ್ಬು

೧೯೪೨ರಲ್ಲಿ, ಮಹಾಯುದ್ಧವು ನಡೆಯುತ್ತಿದ್ದಾಗಲೇ, ಅಮೆರಿಕದ ನೌಕಾಪಡೆಯ ವೈದ್ಯರಾದ ಆಲ್ಬರ್ಟ್ ಬೆಂಕೆಯವರೂ ಅವರ ಸಹೋದ್ಯೋಗಿ ವೆಲ್ಹ್ಯಾಮರೂ ೨೫ ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಕೋಷ್ಟಕವನ್ನು ನಂಬುವುದಾದರೆ ಇವರಲ್ಲಿ ೧೭ ಮಂದಿ ಸೈನ್ಯಕ್ಕೆ ಅನರ್ಹರು. ಜೀವವಿಮೆಯ ಮೊದಲ ದರ್ಜೆಗೂ ಸಲ್ಲದವರು. ಮೈದಾನದಲ್ಲಿ ಸೆಣಸುವ ಕಟ್ಟುಮಸ್ತಾದ ಆಳುಗಳನ್ನು ತಕ್ಕಡಿಯು ಬೊಜ್ಜಿನವರೆಂದು ಕರೆದಿತ್ತು. ನೀರು ಬೇರೆ ಮಾತನ್ನೇ ಹೇಳಿತು.

ತೂಕಕ್ಕೂ ಎತ್ತರಕ್ಕೂ ಇರುವ ನಂಟನ್ನು ಲೆಕ್ಕಕ್ಕಿಳಿಸಿದವನು ಬೆಲ್ಜಿಯಂ ದೇಶದ ಖಗೋಳಜ್ಞ ಕೆಟ್ಲೆ. ವಯಸ್ಕರ ತೂಕವು ಹೆಚ್ಚುಕಡಮೆ ಎತ್ತರದ ವರ್ಗವನ್ನು ಅನುಸರಿಸುವುದೆಂದು ಅವನು ಕಂಡುಕೊಂಡನು. ಅವನು ಹುಡುಕುತ್ತಿದ್ದುದು ‘ಸರಾಸರಿ ಮನುಷ್ಯ’ನನ್ನು, ಬೊಜ್ಜಿನ ಗೊಡವೆ ಅವನಿಗಿರಲಿಲ್ಲ. ಅದೇ ಸೂತ್ರಕ್ಕೆ ೧೯೭೨ರಲ್ಲಿ ಆನ್ಸೆಲ್ ಕೀಸ್ ಮೊದಲಾದವರು ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟರು.

ಬೆಂಕೆಯವರಾದರೋ ಮುಳುಗುಗಾರರ ವೈದ್ಯರು. ಸಾರಜನಕವು ನೀರಿನಲ್ಲಿ ಕರಗುವುದಕ್ಕಿಂತ ಸುಮಾರು ಐದು ಮಡಿ ಹೆಚ್ಚಾಗಿ ಕೊಬ್ಬಿನಲ್ಲಿ ಕರಗುವುದು. ಆಳದಿಂದ ಅವಸರದಲ್ಲಿ ಮೇಲೇರಿದವನ ಮೈಯಲ್ಲಿ ಅದು ಗುಳ್ಳೆಗಟ್ಟಿ ಪ್ರಾಣಕ್ಕೇ ಎರವಾಗಬಹುದು. ಆದುದರಿಂದ ಯಾರಲ್ಲಿ ಎಷ್ಟು ಕೊಬ್ಬಿದೆಯೆಂಬುದು ಅವರಿಗೆ ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಅವರು ಹಿಡಿದುದು ಆರ್ಕಿಮಿಡೀಸನ ಹಳೆಯ ದಾರಿ. ಮನುಷ್ಯನನ್ನು ಒಮ್ಮೆ ಗಾಳಿಯಲ್ಲಿ ತೂಗಬೇಕು. ಬಳಿಕ ಉಸಿರನ್ನೆಲ್ಲ ಹೊರಹಾಕಿಸಿ, ನೀರಿನಲ್ಲಿ ಪೂರ್ತಿ ಮುಳುಗಿಸಿ ಮತ್ತೆ ತೂಗಬೇಕು. (ಪರೀಕ್ಷೆಗೆ ಒಳಗಾದವರ ಪಾಡನ್ನು ನಾವು ಊಹಿಸಿಕೊಳ್ಳಬಹುದು!) ಶ್ವಾಸಕೋಶದಲ್ಲಿ ಉಳಿದ ಗಾಳಿಯನ್ನು ಕಳೆದರೆ ದೇಹದ ಗಾತ್ರವೂ, ಅದರಿಂದ ಸಾಂದ್ರತೆಯೂ ದೊರೆಯುವುವು. ಕೊಬ್ಬಿನ ಸಾಂದ್ರತೆ ಸುಮಾರು ೦.೯, ಉಳಿದ ದೇಹದ್ದು ಸುಮಾರು ೧.೧. ಮುಂದೆ ಸಿರಿ ಎಂಬ ವಿಜ್ಞಾನಿಯು ಇದನ್ನು ಸುಲಭ ಸೂತ್ರವಾಗಿಸಿದನು: ೪೯೫ನ್ನು ಸಾಂದ್ರತೆಯಿಂದ ಭಾಗಿಸಿ ೪೫೦ನ್ನು ಕಳೆಯುವುದು. ಸಾಂದ್ರತೆ ೧.೦೬ ಇದ್ದವನ ಮೈಯಲ್ಲಿ ಶೇಕಡಾ ೧೭ರಷ್ಟು ಕೊಬ್ಬು. ಆ ಆಟಗಾರರಲ್ಲಿ ಬಹುಮಂದಿಯ ತೂಕವು ಮಾಂಸಖಂಡದ್ದೆಂದು ಹೀಗೆಯೇ ತಿಳಿದುಬಂದಿತು.

ಎಲ್ಲರನ್ನೂ ತೊಟ್ಟಿಗಿಳಿಸುವುದಾಗದು. ೧೯೭೪ರಲ್ಲಿ ಡರ್ನಿನ್ ಮತ್ತು ವಮರ್ಸ್ಲೆ ಎಂಬವರು ೧೬ರಿಂದ ೭೨ ವಯಸ್ಸಿನ ೪೮೧ ಸ್ತ್ರೀಪುರುಷರ ತೋಳು, ಬೆನ್ನು, ಸೊಂಟಗಳ ಚರ್ಮದ ಮಡಿಕೆಯನ್ನು ಕ್ಯಾಲಿಪರಿನಿಂದ ಹಿಡಿದು ಅಳೆದು, ಅದರಿಂದಲೇ ಕೊಬ್ಬನ್ನು ಅಂದಾಜು ಮಾಡುವ ಕ್ರಮವನ್ನು ಕೊಟ್ಟರು. ಅಗ್ಗದ ಉಪಾಯ, ಆದರೆ ಅಳೆಯುವವನ ಕೈ ಪಳಗಿರಬೇಕು.

ಆದರೂ ಒಂದು ಸಂಶಯವು ನಮ್ಮನ್ನು ಬಿಡದು. ಆ ೧.೧ ಎಂಬ ಸಂಖ್ಯೆ ಎಲ್ಲರಿಗೂ ಒಂದೇ ಎಂದು ಹೇಳಿದವರಾರು? ಎಲುಬಿನ ಗಟ್ಟಿತನವೂ ಮೈಯ ನೀರೂ ವಯಸ್ಸಿನಿಂದ ವಯಸ್ಸಿಗೆ, ಜನದಿಂದ ಜನಕ್ಕೆ ವ್ಯತ್ಯಾಸವಾಗುವುವು. ತೂಕದ ಕೋಷ್ಟಕದಲ್ಲಂತೂ ಈ ತೊಡಕು ಇನ್ನೂ ಹೆಚ್ಚು. ಫುಟ್‌ಬಾಲ್ ಆಟಗಾರರಿಗೆ ಅದು ಇಲ್ಲದ ಕೊಬ್ಬನ್ನು ಹೊರಿಸಿತು. ನಮ್ಮವರಲ್ಲಿ ಇರುವ ಕೊಬ್ಬನ್ನೇ ಮರೆಮಾಡಿತು. ೨೦೦೪ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ತಮ್ಮದೇ ಚಿತ್ರವನ್ನು ಅಚ್ಚುಹಾಕಿಸಿದರು. ಇಬ್ಬರ ಸೂಚ್ಯಂಕವೂ ೨೨.೩, ಇಬ್ಬರೂ ನೋಟಕ್ಕೆ ತೆಳ್ಳಗಿನವರು. ಎಕ್ಸ್‌ಕಿರಣದ ಯಂತ್ರವು ಅಳೆದಾಗ ಯುಡ್ಕಿನ್ನರಲ್ಲಿ ಕೊಬ್ಬು ಶೇಕಡಾ ೯.೧, ಯಾಜ್ಞಿಕರಲ್ಲಿ ೨೧.೨! ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು, ೨೫ರ ಹಳೆಯ ಗೆರೆಯನ್ನು ಅಳಿಸದೆ, ಏಷ್ಯದ ಜನರ ವಿಷಯದಲ್ಲಿ ಎಚ್ಚರಿಕೆಗಾಗಿ ೨೩ರ ಬಳಿ ಇನ್ನೊಂದು ಗೆರೆಯನ್ನು ಎಳೆದರು.