ಎಲೆ ತಿನ್ನುವ ಹುಳುಗಳಿಗೆ ಬೆಳೆಗಳ ಪ್ರತಿರೋಧ

ಪತಂಗಗಳ ಮರಿಹುಳುಗಳು ಮೇಯಲು ಬಂದಾಗ ಬೆಳೆ ತನ್ನನ್ನು ಕಾಯ್ದುಕೊಳ್ಳುವ ಬಗೆಗೆ ಸಸ್ಯ ಪ್ರತಿರೋಧ ಎಂದು ಹೆಸರು. ಉತ್ತರ ಕರ್ನಾಟಕದ ಹೊಲಗಳಲ್ಲಿ ಕಡಲೆ ಗಿಡಗಳ ಮೇಲೆ ನಸುಕಿನ ಇಬ್ಬನಿಯಲ್ಲಿ ಬಟ್ಟೆ ಹಾಸಿ, ಆಮೇಲೆ ಹಿಂಡಿ ತೆಗೆಯುವ ಕಡಲೆ ಹುಳಿ ಇದಕ್ಕೊಂದು ನಿದರ್ಶನ. ಗಿಡದ ನವಿರು ರೋಮಗಳಿಂದ ಒಸರುವ ಈ ಹುಳಿಯಲ್ಲಿ ಮ್ಯಾಲಿಕ್ ಆಮ್ಲದೊಡನೆ ಆಕ್ಸಾಲಿಕ್ ಆಮ್ಲವೂ ಇದೆ. ಅದು ಕಾಯಿಕೊರಕ ಹುಳುವಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಸಸ್ಯಗಳ ಕಹಿ, ಒಗರು, ಘಾಟಿನ ರಾಸಾಯನಿಕಗಳನ್ನು ಬಹುಕಾಲ ಬರಿಯ ತ್ಯಾಜ್ಯವೆಂದು ಎಣಿಸಿದವರೇ ಹೆಚ್ಚು. ಅವು ಇರುವುದೇ ಕೀಟಗಳನ್ನು ದೂರವಿಡಲು ಎಂದು 1959ರಲ್ಲಿ ಗಾಟ್‌ಫ್ರೀಡ್ ಫ್ರೆಂಕೆಲ್ ವಾದಿಸಿದರು. ಆದರೆ ಪ್ರತಿರೋಧವೆಂದರೆ ಮೊದಲೇ ಕೂಡಿಟ್ಟ ವಿಷವಷ್ಟೇ ಅಲ್ಲ, ದಾಳಿಯನ್ನು ಗುರುತಿಸಿ ತೋರುವ ಪ್ರತಿಕ್ರಿಯೆಯೂ ಹೌದು ಎಂಬುದು ಆನಂತರದ ಸಂಶೋಧನೆಯ ಮುಖ್ಯ ಫಲ.

1972ರಲ್ಲಿ ಗ್ರೀನ್ ಮತ್ತು ಕ್ಲಾರೆನ್ಸ್ ರಯಾನ್ ಟೊಮೆಟೊ, ಆಲೂಗೆಡ್ಡೆ ಗಿಡಗಳಲ್ಲಿ ಇದನ್ನು ತೋರಿಸಿದರು. ಒಂದು ಎಲೆಗೆ ಗಾಯವಾದರೆ ಗಾಯವಾಗದ ಎಲೆಗಳಲ್ಲೂ ಕೀಟದ ಜೀರ್ಣಕ್ರಿಯೆಗೆ ತಡೆಯೊಡ್ಡುವ ಪ್ರೋಟೀನು ಶೇಖರವಾಗುತ್ತಿತ್ತು. ಈ ಸುದ್ದಿಯನ್ನು ಹಬ್ಬಿಸುವುದರಲ್ಲಿ ಪಾಲುಳ್ಳ, 18 ಅಮೈನೋ ಆಮ್ಲಗಳ ಸಿಸ್ಟಮಿನ್ 1991ರಲ್ಲಿ ಪತ್ತೆಯಾಯಿತು. ಗಾಯಗೊಂಡ ಅಂಗಾಂಶದ ಸಾಮಾನ್ಯ ಏರುಪೇರನ್ನೇ ರಕ್ಷಣೆ ಎನ್ನುತ್ತಿರಬಹುದಲ್ಲ ಎಂಬ ಆಕ್ಷೇಪಕ್ಕೆ 1993ರ ಪ್ರಯೋಗದಲ್ಲಿ ಉತ್ತರವಿದೆ: ಸಿಸ್ಟಮಿನ್ ತಯಾರಿಕೆಯನ್ನು ಅಡಗಿಸಿದ ಟೊಮೆಟೊ ಗಿಡಗಳನ್ನು ತಂಬಾಕಿನ ಹುಳುಗಳು ಹೆಚ್ಚಾಗಿ ತಿಂದವು.

ಹುಳು ಮೇಯ್ದ ಮುಸುಕಿನ ಜೋಳ ಸೂಸುವ ವಾಸನೆಯ ಜಾಡು ಹಿಡಿದು ಹುಳುವಿನ ವೈರಿಗಳಾದ ಪರಾವಲಂಬಿ ಕಣಜಗಳು ಬರುತ್ತವೆಂದು 1990ರಲ್ಲಿ ಟರ್ಲಿಂಗ್ಸ್ ಮತ್ತು ಸಂಗಡಿಗರು ವರದಿ ಮಾಡಿದರು. ಹರಿದ ಎಲೆಯಿಂದ ವಾಸನೆ ತಾನಾಗಿ ಸೋರಿತೆನ್ನುವ ಹಾಗಿಲ್ಲ. ಬರಿಯ ಗಾಯಕ್ಕೆ ಅಷ್ಟು ವಾಸನೆ ಬರಲಿಲ್ಲ. ಗಾಯಕ್ಕೆ ಹುಳುವಿನ ಬಾಯಿರಸ ಸವರಿದಾಗ, ಕೆಲವು ಗಂಟೆಗಳ ನಂತರ, ಬಂತು. ಆ ರಸದಲ್ಲಿನ ಪ್ರಚೋದಕವಾದ ವಾಲಿಸಿಟಿನ್ 1997ರಲ್ಲಿ ಸಿಕ್ಕಿತು.

ಇಷ್ಟೆಲ್ಲ ರಕ್ಷಣೆ ಇದ್ದೂ ಬೆಳೆ ಹಾಳಾಗುವುದೇಕೆ? 2018ರಲ್ಲಿ ಕರ್ನಾಟಕದಲ್ಲಿ, ಭಾರತದಲ್ಲೇ ಮೊದಲಿಗೆ, ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಮುಸುಕಿನ ಜೋಳದ ಸುಳಿಯನ್ನೇ ಕೊರೆಯಿತು. ಹುಳುಗಳೂ ವಿಷವನ್ನು ಅರಗಿಸಿಕೊಳ್ಳಲು ಕಲಿತಿವೆಯೆಂಬುದು ನಿಜ. ಆದರೆ ಪ್ರತಿರೋಧದ ಬೆಲೆ ತಿಳಿಯುವುದು ಅದಿಲ್ಲದ ಗಿಡದಲ್ಲಿ. ಹತ್ತಿಬೀಜ ತಿನ್ನಲು ಬರುವಂತಾಗಲೆಂದು ಗಾಸಿಪಾಲ್ ಎಂಬ ವಿಷದ ಗ್ರಂಥಿಗಳೇ ಇಲ್ಲದ ತಳಿಗಳನ್ನು ಅಮೆರಿಕದಲ್ಲಿ ರೂಪಿಸಿದಾಗ, ಅದುವರೆಗೆ ಹತ್ತಿಯ ತಂಟೆಗೆ ಬಾರದಿದ್ದ ಕೀಟಗಳೂ ಅವನ್ನು ಮುತ್ತಿದವು. ಆದ್ದರಿಂದ ತಳಿ ಆಯುವವರು ರುಚಿ, ಇಳುವರಿಗಳ ಜೊತೆ ಈ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಸಾಧ್ಯವೂ ಹೌದು: 2006ರಲ್ಲಿ ಟೆಕ್ಸಾಸ್‌ನ ಕೀರ್ತಿ ರಾಥೋಡ್ ಅವರ ತಂಡ ಬೀಜದಲ್ಲಿ ಮಾತ್ರ ಗಾಸಿಪಾಲ್ ತಗ್ಗಿಸಿ, ಎಲೆಯಲ್ಲಿ ಉಳಿಸಿಕೊಂಡಿತು.